ಮಕ್ಕಳನ್ನು ವಾರಕ್ಕೊಮ್ಮೆ ಅಲ್ಲ, ದಿನಾ ಆಡಿಸುವುದು ಹೇಗೆ?

ದಾವಣಗೆರೆ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಬೆಳಿಗ್ಗೆ ಎಂಟಕ್ಕೆ ಸ್ಕೂಲ್ ವ್ಯಾನ್ ಬರುತ್ತದೆ. ಸಂಜೆ ನಾಲ್ಕೂವರೆಗೆ ಅದೇ ವ್ಯಾನ್ ಗೇಟಿನ ಹತ್ತಿರ ಇಳಿಸಿ ಹೋಗುತ್ತದೆ. ಐದಕ್ಕೆ ಟ್ಯೂಷನ್, ಆರೂವರೆಗೆ ವಾಪಸ್. ಅಷ್ಟರಲ್ಲಿ ಕತ್ತಲು. ಆಮೇಲೆ ಹೋಂವರ್ಕ್, ಊಟ, ನಿದ್ದೆ.

ಭಾನುವಾರ ಗ್ಲಾಸ್ ಹೌಸ್ ಕಡೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿ ಬಿಟ್ಟರೆ ಸಾಕು, ಹುಡುಗ ಕೈಗೇ ಸಿಗುವುದಿಲ್ಲ. ಅಂದರೆ ಆಡುವ ಆಸೆ ಇದೆ. ಮಿಕ್ಕ ಆರು ದಿನ ಹೊತ್ತಿಲ್ಲ, ಜೊತೆಗೆ ಯಾರೂ ಇಲ್ಲ. ಸ್ಕೂಲಿನಲ್ಲಿ ವಾರಕ್ಕೆ ಎರಡು ಪಿಟಿ ಪೀರಿಯಡ್ ಇದೆ. ಪರೀಕ್ಷೆ ಹತ್ತಿರ ಬಂದರೆ ಅದನ್ನೂ ಗಣಿತಕ್ಕೆ ತೆಗೆದುಕೊಳ್ಳುತ್ತಾರೆ.

ಕರಾಟೆಗೆ ಸೇರಿಸೋಣ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ. ಅದೂ ವಾರಕ್ಕೆ ಎರಡೇ ದಿನ. ನನಗೆ ಬೇಕಿರುವುದು ದಿನಾ ನಡೆಯುವ ದಾರಿ. ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ, ದಯವಿಟ್ಟು ಹೇಳಿ.

ಪಿಟಿ ಮೇಷ್ಟ್ರು

ಅಮ್ಮಾ, ನಾನು ತುಮಕೂರು ಜಿಲ್ಲೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕ. ಮೊದಲು ಲೆಕ್ಕ ಹೇಳಿಬಿಡುತ್ತೇನೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಸುಮ್ನೆ ಅಡ್ಡಾಡಿದರೆ ಆಗಲಿಲ್ಲ. ಮೈ ಬಿಸಿಯಾಗಬೇಕು, ಉಸಿರು ಜೋರಾಗಬೇಕು. ವಾರದಲ್ಲಿ ಮೂರು ದಿನವಾದರೂ ಏದುಸಿರು ಬರುವಂಥ ಆಟ ಇರಬೇಕು. ಮೂಳೆ, ಸ್ನಾಯು ಗಟ್ಟಿಯಾಗುವ ಆಟವೂ ಅದರಲ್ಲಿ ಸೇರಬೇಕು. ಜಿಗಿಯುವುದು, ಹತ್ತುವುದು, ಕುಂಟುವುದು, ಕಂಬಿಗೆ ಜೋತು ಬೀಳುವುದು, ಇಂಥವು. 60 ನಿಮಿಷ ಒಟ್ಟಿಗೇ ಆಗಬೇಕು ಅಂತಿಲ್ಲ. ಬೆಳಿಗ್ಗೆ ಹತ್ತು ನಿಮಿಷ, ಸ್ಕೂಲಲ್ಲಿ ಹದಿನೈದು, ಸಂಜೆ ಮೂವತ್ತೈದು. ಕೂಡಿದರೆ ಆಯಿತು.

ಎಷ್ಟು ಜೋರಾಗಿ ಆಡುತ್ತಿದ್ದಾರೆ ಅಂತ ತಿಳಿಯಲು ವಾಚ್ ಬೇಕಿಲ್ಲ. ಆಡುವಾಗ ಮಗುವಿಗೆ ಮಾತಾಡಲು ಬರುತ್ತದೆ, ಹಾಡಲು ಆಗುವುದಿಲ್ಲ ಅಂದರೆ ಅದು ಮಧ್ಯಮ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರೆ ಜೋರು.

ಇನ್ನು ಪಿಟಿ ಪೀರಿಯಡ್. 40 ನಿಮಿಷ, 45 ಮಕ್ಕಳು ಅಂತ ಇಟ್ಟುಕೊಳ್ಳಿ. ಕ್ಲಾಸಿನಿಂದ ಮೈದಾನಕ್ಕೆ ಬಂದು ಸಾಲು ನಿಲ್ಲುವ ಹೊತ್ತಿಗೆ ಐದಾರು ನಿಮಿಷ ಹೋಯಿತು. ಒಂದು ವಾಲಿಬಾಲ್ ಕೊಟ್ಟು ಬಿಟ್ಟರೆ 12 ಮಕ್ಕಳು ಆಡುತ್ತಾರೆ, 33 ಮಕ್ಕಳು ನೋಡುತ್ತಾರೆ. ಆ 12ರಲ್ಲಿ ಯಾವಾಗಲೂ ಅದೇ ಚುರುಕು ಮಕ್ಕಳೇ ಇರುತ್ತಾರೆ. ಅದಕ್ಕೇ ನಾನು ಕ್ಲಾಸನ್ನು ನಾಲ್ಕು ಗುಂಪು ಮಾಡಿ ಮೈದಾನದ ನಾಲ್ಕು ಮೂಲೆಗೆ ಕಳಿಸುತ್ತೇನೆ. ಒಂದು ಕಡೆ ಹಗ್ಗ, ಒಂದು ಕಡೆ ಖೊ ಖೊ, ಒಂದು ಕಡೆ ಚೆಂಡು, ಇನ್ನೊಂದು ಕಡೆ ಓಟ. ಹತ್ತು ನಿಮಿಷಕ್ಕೊಮ್ಮೆ ಸೀಟಿ, ಜಾಗ ಬದಲು. ಇಷ್ಟು ಮಾಡಿದರೂ ವಾರಕ್ಕೆ ಎರಡು ಪೀರಿಯಡ್‌ನಿಂದ ದಿನದ ಲೆಕ್ಕ ತುಂಬುವುದಿಲ್ಲ. ಸಂಜೆ ಬೇಕೇ ಬೇಕು.

ಹಾಗಂತ ಸ್ಕೂಲನ್ನು ಬಿಡಬೇಡಿ. ಪೋಷಕರ ಸಭೆಯಲ್ಲಿ ನಾಲ್ಕೈದು ಜನ ಸೇರಿ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟದಲ್ಲಿ ಶಾಲೆಗೆ ಇರಲೇಬೇಕಾದವುಗಳ ಜೊತೆ ಆಟದ ಮೈದಾನವನ್ನೂ ಬರೆದಿದ್ದಾರೆ. ಗಣಿತಕ್ಕೆ ಪೀರಿಯಡ್ ಕೊಟ್ಟುಬಿಡಿ ಅಂತ ನಮ್ಮನ್ನು ಕೇಳಿದಾಗ ಪೋಷಕರ ಬೆಂಬಲ ಇದ್ದರೆ ನಾವೂ ಧೈರ್ಯವಾಗಿ ಇಲ್ಲ ಅನ್ನಬಹುದು.

ನಿಮ್ಮ ಮಗನ ವಿಷಯದಲ್ಲಿ ನಾನು ಮೊದಲು ಮುಟ್ಟುವುದು ಟ್ಯೂಷನ್ ಟೈಮ್. ಐದರಿಂದ ಆರೂವರೆ ಅಂದರೆ ಬಿಸಿಲು ಇಳಿದು ಬೆಳಕು ಇನ್ನೂ ಇರುವ ಹೊತ್ತು. ಮಕ್ಕಳ ಆಟಕ್ಕೆ ಇಡೀ ದಿನದಲ್ಲಿ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಪಾಠವನ್ನು ಕತ್ತಲಾದ ಮೇಲೂ ಮಾಡಬಹುದು, ಆಟವನ್ನು ಆಗುವುದಿಲ್ಲ. ಆರೂವರೆ ಬ್ಯಾಚ್ ಇದೆಯಾ ಕೇಳಿ. ಇಲ್ಲದಿದ್ದರೆ ಇನ್ನು ಮೂರು ಮನೆಯವರನ್ನು ಜೊತೆ ಮಾಡಿಕೊಂಡು ಕೇಳಿ. ನಾಲ್ಕು ಮಕ್ಕಳಿಗೆ ಬ್ಯಾಚ್ ಮಾಡಿಯೇ ಮಾಡುತ್ತಾರೆ. ಆ ನಾಲ್ಕು ಮಕ್ಕಳೇ ಆಟಕ್ಕೂ ಜೊತೆಯಾಗುತ್ತಾರೆ.

ಬನಶಂಕರಿ ಅಪ್ಪ

ಮೇಷ್ಟ್ರೇ, ನೀವು ಹೇಳಿದ್ದು ಸರಿ. ಆದರೆ ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದು ಕಷ್ಟ. ನಾವಿಬ್ಬರೂ ಮನೆ ಸೇರುವುದು ಏಳರ ಮೇಲೆ. ಮಗಳು ಸ್ಕೂಲಿನಿಂದ ನೇರ ಡೇಕೇರ್‌ಗೆ ಹೋಗುತ್ತಾಳೆ. ರಸ್ತೆಯಲ್ಲಿ ಆಡಲು ಬಿಡಿ ಅಂತ ಯಾರಾದರೂ ಹೇಳಿದರೆ ನನಗೆ ಎದೆ ಝಲ್ ಅನ್ನುತ್ತದೆ. ನಮ್ಮ ಕ್ರಾಸ್‌ನಲ್ಲಿ ಎರಡೂ ಕಡೆ ಕಾರು ನಿಂತಿರುತ್ತವೆ. ನಡುವೆ ಉಳಿದ ಜಾಗದಲ್ಲಿ ಡೆಲಿವರಿ ಬೈಕುಗಳು ನುಗ್ಗುತ್ತವೆ. ದುಡ್ಡು ಕೊಟ್ಟಾದರೂ ಸ್ವಿಮ್ಮಿಂಗ್, ಬ್ಯಾಡ್ಮಿಂಟನ್ ಕ್ಲಾಸಿಗೆ ಸೇರಿಸುವುದೇ ನಮ್ಮಂಥವರಿಗೆ ಉಳಿದ ದಾರಿ ಅಂತ ನನ್ನ ಅನಿಸಿಕೆ.

ಕುವೆಂಪುನಗರ ಗೃಹಿಣಿ

ಕ್ಲಾಸ್ ಬೇಡ ಅಂತ ನಾನು ಹೇಳಲ್ಲ. ಈಜು ಕಲಿಯಲೇಬೇಕು, ಅದು ಜೀವ ಉಳಿಸುವ ವಿದ್ಯೆ. ಆದರೆ ಕ್ಲಾಸ್ ಇರುವ ದಿನ ಬಿಟ್ಟು ಮಿಕ್ಕ ದಿನ ಏನು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದಲ್ವಾ?

ನಮ್ಮ ಮೈಸೂರಿನ ಬಡಾವಣೆಯಲ್ಲಿ ಏನು ಮಾಡಿದ್ದೇವೆ ಹೇಳುತ್ತೇನೆ. ನಮ್ಮ ಅಡ್ಡರಸ್ತೆಯ ಕೊನೆಯಲ್ಲಿ ಒಂದು ಸಣ್ಣ ಪಾರ್ಕ್. ಐದು ಮನೆಯವರು ಸೇರಿ ವಾರದ ಐದು ದಿನ ಹಂಚಿಕೊಂಡೆವು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಯಾರ ಪಾಳಿಯೋ ಅವರು ಐದರಿಂದ ಆರೂಕಾಲರವರೆಗೆ ಕಲ್ಲುಬೆಂಚಿನ ಮೇಲೆ ಕೂತಿರಬೇಕು. ಆಡಿಸುವುದು ಬೇಡ, ಕೂತರೆ ಸಾಕು. ಸೊಪ್ಪು ಬಿಡಿಸಿ, ಪುಸ್ತಕ ಓದಿ, ಏನಾದರೂ ಮಾಡಿ. ಗೇಟ್ ದಾಟಿ ಯಾರೂ ಹೊರಗೆ ಹೋಗದಂತೆ ನೋಡಬೇಕು, ಪೆಟ್ಟಾದರೆ ಮನೆಯವರಿಗೆ ಫೋನ್ ಮಾಡಬೇಕು. ಒಂದು ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಅವರ ಪಾಳಿಗೆ ಅಜ್ಜ ಬರುತ್ತಾರೆ. ಬನಶಂಕರಿ ಸರ್, ನಿಮ್ಮಂಥವರೂ ಇದರಲ್ಲಿ ಸೇರಬಹುದು. ಶನಿವಾರದ ಪಾಳಿ ತೆಗೆದುಕೊಳ್ಳಿ.

ಇದರಲ್ಲಿ ನಮಗೆ ಅಚ್ಚರಿಯಾದ ಸಂಗತಿ ಒಂದಿದೆ. ಶುರುವಿನಲ್ಲಿ ಮಕ್ಕಳು ಪಾರ್ಕಿಗೆ ಬಂದು ಸುಮ್ನೆ ನಿಂತುಬಿಟ್ಟರು. ಒಬ್ಬರ ಮುಖ ಒಬ್ಬರು ನೋಡುತ್ತಾ, "ಆಂಟಿ, ಈಗ ಏನು ಆಡೋದು?" ಅಂತ ಕೇಳಿದರು. ಹತ್ತು ವರ್ಷದ ಮಕ್ಕಳು! ದೊಡ್ಡವರು ಹೇಳದೆ ಆಟ ಶುರು ಮಾಡುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ಆಗ ನಮ್ಮ ಅಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಡ್ಡಿಯಿಂದ ಮಣ್ಣಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಈ ಕಡೆ ದಡ, ಆ ಕಡೆ ಕೆರೆ. ಅವರು ಕೆರೆ ಅಂದರೆ ಒಳಗೆ ಜಿಗಿ, ದಡ ಅಂದರೆ ವಾಪಸ್ ಜಿಗಿ. ದಡ, ಕೆರೆ, ಕೆರೆ, ದಡ ಅಂತ ಬೇಗ ಬೇಗ ಹೇಳಿ, ನಡುವೆ ಒಮ್ಮೆ ಕೆರೆ ಅಂದವರು ಮತ್ತೆ ಕೆರೆ ಅಂದರೆ ಅರ್ಧ ಮಕ್ಕಳು ದಡಕ್ಕೆ ಹಾರಿಬಿಡುತ್ತಿದ್ದರು. ನಗು, ಕೂಗಾಟ, ಬೆವರು. ಆಮೇಲೆ ಅವರೇ ಕುಂಟೆಬಿಲ್ಲೆ ಗೀಚಿಕೊಂಡರು. ಈಗ ನಾವು ಬಾಯಿ ಹಾಕುವುದೇ ಇಲ್ಲ. ಜಗಳವಾದರೂ ಅವರೇ ಬಗೆಹರಿಸಿಕೊಳ್ಳುತ್ತಾರೆ.

ಬೀದಿ ದೀಪ ಹತ್ತಿದರೆ ಎಲ್ಲರೂ ಮನೆಗೆ. ಈ ಒಂದು ನಿಯಮಕ್ಕೆ ಮಾತ್ರ ವಿನಾಯಿತಿ ಇಲ್ಲ.

ಪಿಟಿ ಮೇಷ್ಟ್ರು

ಕೆರೆ-ದಡ ಬಹಳ ಒಳ್ಳೆಯ ಆಟ. ಒಂದು ಸಣ್ಣ ಬದಲಾವಣೆ ಮಾಡಿಕೊಳ್ಳಿ. ತಪ್ಪಿದವರನ್ನು ಔಟ್ ಮಾಡಿ ಕೂರಿಸಬೇಡಿ. ಯಾವ ಮಗುವಿಗೆ ಅಭ್ಯಾಸ ಕಡಿಮೆಯೋ ಅದೇ ಮೊದಲು ಔಟ್ ಆಗುತ್ತದೆ, ಅದೇ ಜಾಸ್ತಿ ಹೊತ್ತು ಕೂರುತ್ತದೆ. ಆಟ ಬೇಕಾಗಿರುವುದೇ ಆ ಮಗುವಿಗೆ. ತಪ್ಪಿದವರು ಪಾರ್ಕಿನ ಮರ ಮುಟ್ಟಿ ಓಡಿ ಬಂದು ಮತ್ತೆ ಸೇರಿಕೊಳ್ಳಲಿ. ಔಟ್ ಆಗುವ ಎಲ್ಲ ಆಟಕ್ಕೂ ಇದೇ ಉಪಾಯ ಮಾಡಬಹುದು.

ಜಯನಗರ ಅತ್ತಿಗೆ

ಬನಶಂಕರಿಯವರೇ, 2024ರಲ್ಲಿ ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಕ್ಕೆ ಆದೇಶವಾಯಿತು. ನಾವು ಏಳೂವರೆಗೆ ಮಗಳನ್ನು ಕರೆದುಕೊಂಡು ಹೋಗುತ್ತೇವೆ. ದೀಪ ಇರುವ ಪಾರ್ಕ್ ನೋಡಿಕೊಳ್ಳಿ. ಊಟಕ್ಕೆ ಮೊದಲು ಅರ್ಧ ಗಂಟೆ ಸಿಗುತ್ತದೆ. ನಮಗೂ ನಡೆದಂತಾಯಿತು.

ಡೇಕೇರ್‌ನವರನ್ನೂ ಕೇಳಿ ನೋಡಿ. ಮಕ್ಕಳನ್ನು ಸಂಜೆ ಅಂಗಳಕ್ಕೆ ಬಿಡುತ್ತಾರಾ, ಟಿವಿ ಮುಂದೆ ಕೂರಿಸುತ್ತಾರಾ? ಸೇರಿಸುವಾಗ ನಾವೆಲ್ಲ ಊಟ, ಸಿಸಿ ಕ್ಯಾಮೆರಾ ವಿಚಾರಿಸುತ್ತೇವೆ. ಈ ಪ್ರಶ್ನೆ ಕೇಳುವವರು ಕಡಿಮೆ.

ಎಡಿನ್‌ಬರೋ ಕನ್ನಡತಿ

ನಾನು ಮೂಲತಃ ಸಾಗರದವಳು, ಈಗ ಸ್ಕಾಟ್ಲೆಂಡಿನಲ್ಲಿದ್ದೇನೆ. ಇಲ್ಲಿ ಹುಟ್ಟಿದ ಒಂದು ಪದ್ಧತಿ ನಮ್ಮ ಊರಿನ ಶಾಲೆಗಳಿಗೂ ಹೊಂದುತ್ತದೆ ಅನ್ನಿಸುತ್ತದೆ. ಹೆಸರು ಡೈಲಿ ಮೈಲ್. 2012ರಲ್ಲಿ ಸ್ಟರ್ಲಿಂಗ್ ಊರಿನ ಸೇಂಟ್ ನಿನಿಯನ್ಸ್ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಇಲೇನ್ ವೈಲಿ ಶುರು ಮಾಡಿದರು. ದಿನಾ 15 ನಿಮಿಷ ಇಡೀ ಕ್ಲಾಸ್ ಹೊರಗೆ ಹೋಗಿ ಮೈದಾನದ ಸುತ್ತ ಓಡುತ್ತದೆ. ಅಷ್ಟೇ.

ಬಟ್ಟೆ ಬದಲಿಸುವಂತಿಲ್ಲ, ಯೂನಿಫಾರ್ಮ್‌ನಲ್ಲೇ ಓಟ. ಸಾಮಾನು ಬೇಡ. ಸ್ಪರ್ಧೆ ಇಲ್ಲ, ಮೊದಲು ಬಂದವರಿಗೆ ಬಹುಮಾನ ಇಲ್ಲ. ಸುಸ್ತಾದವರು ನಡೆಯಬಹುದು, ಗೆಳತಿಯ ಜೊತೆ ಮಾತಾಡುತ್ತಾ ಹೋಗಬಹುದು. ಕರೆದುಕೊಂಡು ಹೋಗುವುದು ಕ್ಲಾಸ್ ಟೀಚರ್. ಪಿಟಿ ಪೀರಿಯಡ್ ಬೇರೆಯೇ ಇರುತ್ತದೆ, ಅದನ್ನು ಇದಕ್ಕೆ ಬಳಸುವುದಿಲ್ಲ. ಯಾವ ಹೊತ್ತಿಗೆ ಹೋಗಬೇಕು ಅನ್ನುವುದು ಟೀಚರಿಗೇ ಬಿಟ್ಟಿದ್ದು. ಮಕ್ಕಳು ಆಕಳಿಸಲು ಶುರು ಮಾಡಿದರೆ ಪುಸ್ತಕ ಮುಚ್ಚಿಸಿ ಹೊರಡಿಸಬಹುದು.

ಇಲ್ಲಿ ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆಲ್ಲ ಕತ್ತಲು. ಸ್ಕೂಲ್ ಮುಗಿದ ಮೇಲೆ ಹೊರಗೆ ಆಡುವ ಮಾತೇ ಇಲ್ಲ. ಅದಕ್ಕೇ ಸ್ಕೂಲಿನ ಹೊತ್ತಲ್ಲೇ ಆಗುವ ಆ ಹದಿನೈದು ನಿಮಿಷಕ್ಕೆ ಬೆಲೆ ಜಾಸ್ತಿ. ತುಂತುರು ಮಳೆಗೆಲ್ಲ ಇವರು ನಿಲ್ಲಿಸುವುದಿಲ್ಲ, ಜಾಕೆಟ್ ಹಾಕಿಕೊಂಡು ಹೋಗುತ್ತಾರೆ. ಮಲೆನಾಡಿನಲ್ಲಿ ಬೆಳೆದ ನನಗೆ ಅದು ಹೊಸದೇನಲ್ಲ. ಕೊಡೆ ಹಿಡಿದು ಗದ್ದೆ ಅಂಚಿನ ಮೇಲೆ ನಡೆದೇ ಶಾಲೆಗೆ ಹೋಗುತ್ತಿದ್ದೆವಲ್ಲ.

ಕಲಬುರಗಿ ಕಾಕಾ

ಮಳೆ, ಚಳಿ ಮಾತು ಕೇಳಿ ಖುಷಿಯಾಯಿತು ರೀ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಸಂಜೆ ಐದಕ್ಕೂ ನೆಲ ಕಾಲು ಸುಡುತ್ತದೆ. ನಾವು ಬೇಸಿಗೆಯಲ್ಲಿ ಆಟವನ್ನು ಬೆಳಿಗ್ಗೆ ಆರರಿಂದ ಏಳೂವರೆಗೆ ಬದಲಿಸಿಕೊಳ್ಳುತ್ತೇವೆ. ಸಂಜೆ ಮಾಳಿಗೆ ಮೇಲೆ ನೀರು ಹೊಡೆದು, ಏಳರ ಮೇಲೆ ಹಗ್ಗ ಜಿಗಿಯಲು ಬಿಡುತ್ತೇವೆ. ಕಟ್ಟೆ ಎತ್ತರ ಇರುವ ಮಾಳಿಗೆ ಆಗಬೇಕು, ದೊಡ್ಡವರು ಜೊತೆಗಿರಬೇಕು.

ಆಡುವಾಗ ನೀರು ಕೇಳುವ ತನಕ ಕಾಯಬೇಡಿ, ನಡುನಡುವೆ ಕರೆದು ಕುಡಿಸಿ. ಮಜ್ಜಿಗೆ ಇದ್ದರೆ ಇನ್ನೂ ಒಳ್ಳೆಯದು. ತಲೆನೋವು, ತಲೆಸುತ್ತು, ವಾಕರಿಕೆ ಅಂದರೆ ಕೂಡಲೇ ಆಟ ನಿಲ್ಲಿಸಿ ನೆರಳಿಗೆ ಕರೆದು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ. ಮಂಪರು ಬಂದರೆ, ಮಾತು ತೊದಲಿದರೆ ತಡ ಮಾಡದೆ ದವಾಖಾನೆಗೆ ಒಯ್ಯಬೇಕು.

ಮಕ್ಕಳ ವಾರ್ಡ್ ವೈದ್ಯೆ

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಒಂದು ವಿಷಯ ಯಾರೂ ಹೇಳಲಿಲ್ಲ. "ನನ್ನ ಮಗು ಆಡಲ್ಲ ಡಾಕ್ಟ್ರೇ, ಬರೀ ಸೋಮಾರಿ" ಅಂತ ಕರೆದುಕೊಂಡು ಬರುತ್ತಾರೆ. ಎಷ್ಟೋ ಸಲ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರೆ ಬಿಳಿಚಿಕೊಂಡಿರುತ್ತದೆ. ರಕ್ತ ಕಡಿಮೆ ಇರುವ ಮಗುವಿಗೆ ನಾಲ್ಕು ಹೆಜ್ಜೆ ಓಡಿದರೂ ಏದುಸಿರು. ಅದಕ್ಕೆ ಬೈಗುಳ ಬೇಡ, ಕಬ್ಬಿಣಾಂಶ ಬೇಕು. ಅಂಗನವಾಡಿ, ಶಾಲೆಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಕೊಡುವ ಜಂತುಹುಳದ ಮಾತ್ರೆಯನ್ನು ತಪ್ಪಿಸಬೇಡಿ. ಸರ್ಕಾರಿ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯೂ ಅಷ್ಟೇ. ಸಣ್ಣವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ. ಮಕ್ಕಳು ಅದನ್ನು ಕಿಟಕಿಯಿಂದ ಎಸೆಯುತ್ತಾರೆ. ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ ಅಂತ ಹೇಳಿ ಕೊಡಿ.

ಎರಡನೆಯದು ದಮ್ಮು. ಅಸ್ತಮಾ ಇರುವ ಮಗುವನ್ನು ಮೂಲೆಯಲ್ಲಿ ಕೂರಿಸಬೇಕಾಗಿಲ್ಲ. ವೈದ್ಯರು ಹೇಳಿದಂತೆ ಇನ್‌ಹೇಲರ್ ಬಳಸುತ್ತಿದ್ದರೆ, ನಿಧಾನವಾಗಿ ಶುರು ಮಾಡಿ ಮೈ ಬಿಸಿ ಮಾಡಿಕೊಂಡರೆ ಓಡಬಹುದು, ಈಜಬಹುದು. ಇನ್‌ಹೇಲರ್ ಮಾತ್ರ ಮನೆಯ ಕಪಾಟಿನಲ್ಲಿ ಇರಬಾರದು, ಮಗುವಿನ ಜೊತೆ ಇರಬೇಕು.

ಮೂರನೆಯದು ಕನ್ನಡಕ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದ್ದು ಮಂಜಾಗಿ ಕಾಣುವ ತೊಂದರೆ ಕಡಿಮೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಾ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಫಲಿತಾಂಶ ಬಂತು. ಹೊರಗೆ ಹೋದ ಗುಂಪಿನಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ, ಇನ್ನೊಂದು ಗುಂಪಿನಲ್ಲಿ ಸುಮಾರು 40 ಮಕ್ಕಳಿಗೆ ಹೊಸದಾಗಿ ಈ ತೊಂದರೆ ಶುರುವಾಗಿತ್ತು. ತೈವಾನ್‌ನ ಶಾಲೆಗಳಲ್ಲಂತೂ 2010ರಿಂದಲೇ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗಿರಿಸುವ ಕಾರ್ಯಕ್ರಮ ಇದೆ. ಒಳಾಂಗಣ ಬ್ಯಾಡ್ಮಿಂಟನ್ ಮೈಗೆ ಒಳ್ಳೆಯದೇ. ಆದರೆ ಕಣ್ಣಿಗೆ ಬಯಲೇ ಬೇಕು.

ಕೊನೆಗೆ ಒಂದು ಕೋರಿಕೆ. ಮಗು ದಪ್ಪ ಇದೆ ಅಂತ ಓಡಿಸಬೇಡಿ. ಊಟ ಜಾಸ್ತಿ ತಿಂದೆ, ಹೋಗಿ ಹತ್ತು ಸುತ್ತು ಹೊಡಿ ಅಂದರೆ ಓಟ ಶಿಕ್ಷೆಯಾಗುತ್ತದೆ. ಆ ಮಗು ದೊಡ್ಡದಾದ ಮೇಲೂ ಮೈದಾನದ ಕಡೆ ತಿರುಗಿ ನೋಡುವುದಿಲ್ಲ.

ರಾಣೆಬೆನ್ನೂರು ತಾಯಿ

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ದೊಡ್ಡವಳಾದ ಮೇಲೆ ಮನೆಯಲ್ಲಿ ಎಲ್ಲರೂ ಒಂದೇ ಮಾತು: ಇನ್ನೇನು ಬೀದಿಯಲ್ಲಿ ಕುಣಿಯುವುದು? ಅವಳ ಗೆಳತಿಯರೂ ಒಬ್ಬೊಬ್ಬರೇ ನಿಲ್ಲಿಸಿದರು. ಮೂಳೆ ಗಟ್ಟಿಯಾಗುವ ವಯಸ್ಸು ಅದೇ. ಅದೇ ವಯಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಒಳಗೆ ಕೂರಿಸುತ್ತೇವೆ. ನನಗೆ ಇದು ಬಹಳ ಸಂಕಟ.

ನಾನು ಹಟ ಹಿಡಿದು ಬಿಡಿಸಲಿಲ್ಲ. ಅವಳು ಶಾಲೆಯ ಖೊ ಖೊ ತಂಡದಲ್ಲಿದ್ದಾಳೆ. ಮುಟ್ಟಿನ ದಿನ ಆಡಬಹುದಾ ಅಂತ ಕೇಳುತ್ತಾರೆ. ಹೊಟ್ಟೆನೋವು ಜಾಸ್ತಿ ಇಲ್ಲದಿದ್ದರೆ ಯಾಕೆ ಆಡಬಾರದು? ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟ್, ಸರಿಯಾದ ಒಳಉಡುಪು, ಬ್ಯಾಗಿನಲ್ಲಿ ಒಂದು ಪ್ಯಾಡ್. ಇಷ್ಟನ್ನು ತಾಯಂದಿರು ಒದಗಿಸಿದರೆ ಎಷ್ಟೋ ಹುಡುಗಿಯರು ಆಟ ಬಿಡುವುದಿಲ್ಲ. ಶಾಲೆಯಲ್ಲಿ ನೀರು ಬರುವ ಶೌಚಾಲಯವೂ ಇರಬೇಕು. ಪೋಷಕರ ಸಭೆಯಲ್ಲಿ ಮೈದಾನದ ಜೊತೆ ಇದನ್ನೂ ಕೇಳಿ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆಯಿತಲ್ಲ, ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಆ ಸುದ್ದಿಯನ್ನು ಅತ್ತೆಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಪ್ರಾಕ್ಟೀಸ್‌ಗೆ ಹೋಗುವ ಮೊಮ್ಮಗಳಿಗೆ ಶೇಂಗಾ ಉಂಡೆ ಕಟ್ಟಿಕೊಡಲು ಶುರು ಮಾಡಿದರು.

ಶಿವಮೊಗ್ಗ ಅಜ್ಜಿ

ನೀವೆಲ್ಲ ದೊಡ್ಡ ಮಕ್ಕಳ ಮಾತಾಡುತ್ತಿದ್ದೀರಿ. ನಮ್ಮ ಮೊಮ್ಮಗನಿಗೆ ಎರಡೂವರೆ ವರ್ಷ. ಸೊಸೆ ಕೆಲಸಕ್ಕೆ ಹೋಗುತ್ತಾಳೆ, ನಾನೇ ನೋಡಿಕೊಳ್ಳುವುದು. ಫೋನ್ ಕೊಟ್ಟರೆ ಮಾತ್ರ ತುತ್ತು ಇಳಿಯುತ್ತದೆ. ಮಂಡಿನೋವು ನನಗೆ, ಅವನ ಹಿಂದೆ ಓಡಲು ಆಗುವುದಿಲ್ಲ. ಈ ವಯಸ್ಸಿಗೆ ಎಷ್ಟು ಹೊತ್ತು ಆಡಿಸಬೇಕಪ್ಪಾ?

ಮಕ್ಕಳ ವಾರ್ಡ್ ವೈದ್ಯೆ

ಅಜ್ಜಿ, ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸುತ್ತಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ಗಂಟೆ ಅಂತ ಗಾಬರಿ ಬೀಳಬೇಡಿ. ಇಡೀ ದಿನದ ಲೆಕ್ಕ ಅದು. ಹೊಸಿಲು ಹತ್ತಿ ಇಳಿಯುವುದು, ಬಿಂದಿಗೆ ಉರುಳಿಸುವುದು, ಕೋಳಿ ಅಟ್ಟಿಸುವುದು ಎಲ್ಲ ಸೇರುತ್ತದೆ. ಮೂರು ವರ್ಷ ತುಂಬಿದ ಮೇಲೆ ಅದರಲ್ಲಿ 60 ನಿಮಿಷ ಜೋರಾದ ಆಟ ಇರಬೇಕು. ಎರಡರಿಂದ ನಾಲ್ಕು ವರ್ಷದವರಿಗೆ ಫೋನ್, ಟಿವಿ ಎಲ್ಲ ಸೇರಿ ಒಂದು ಗಂಟೆ ಮೀರಬಾರದು. ಕಡಿಮೆಯಾದಷ್ಟೂ ಒಳ್ಳೆಯದು.

ನೀವು ಓಡುವುದು ಬೇಡ. ಕೂತಲ್ಲೇ ಕೆಲಸ ಹೇಳಿ. "ಆ ಚೊಂಬು ತಗೊಂಬಾ, ಈ ಈರುಳ್ಳಿ ಬುಟ್ಟಿಗೆ ಹಾಕು, ಅಜ್ಜನ ಚಪ್ಪಲಿ ಎಲ್ಲಿದೆ ನೋಡು" ಅಂತ. ಈ ವಯಸ್ಸಿನವರಿಗೆ ಕೆಲಸ ಹೇಳಿಸಿಕೊಳ್ಳುವುದೇ ಸಂಭ್ರಮ. ಅಷ್ಟು ಓಡಾಡಿದ ಮಗುವಿಗೆ ಹಸಿವಾಗುತ್ತದೆ, ತುತ್ತಿಗೆ ಫೋನ್ ಬೇಕಾಗುವುದಿಲ್ಲ. ಪಕ್ಕದ ಮನೆ ಪಾಪುಗೆ ನಡೆಯಲು ಕಲಿಸುವ ಗಾಲಿ ವಾಕರ್ ತಂದಿದ್ದರೆ ಬೇಡ ಅಂತ ಹೇಳಿ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಉರುಳಿ ಬೀಳುವುದೇ ಜಾಸ್ತಿ. ಕೆನಡಾದಲ್ಲಿ 2004ರಿಂದ ಮಾರಾಟವನ್ನೇ ನಿಷೇಧಿಸಿದ್ದಾರೆ.

ಹಾಸನ ಅಪ್ಪ

ನನ್ನ ಮಗ ಕಾಲಿಗೆ ಕ್ಯಾಲಿಪರ್, ಅಂದರೆ ಆಸರೆಯ ಪಟ್ಟಿ, ಹಾಕಿಕೊಂಡು ನಡೆಯುತ್ತಾನೆ. ಹನ್ನೊಂದು ವರ್ಷ. ಬೀದಿಯ ಮಕ್ಕಳು ಒಳ್ಳೆಯವರೇ, ಇವನನ್ನೂ ಕರೆಯುತ್ತಾರೆ. ಆದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಇಟ್ಟುಕೊಳ್ಳುತ್ತಾರೆ. ಇಲ್ಲವೇ ಅಂಪೈರ್ ಮಾಡಿ ಕಲ್ಲಿನ ಮೇಲೆ ಕೂರಿಸುತ್ತಾರೆ. ಅವನಿಗೆ ಅದು ಗೊತ್ತಾಗುತ್ತದೆ. ಅವನನ್ನು ನಿಜವಾಗಿ ಆಡಿಸುವ ಆಟ ಇದ್ದರೆ ಹೇಳಿ ಮೇಷ್ಟ್ರೇ.

ಪಿಟಿ ಮೇಷ್ಟ್ರು

ಅಣ್ಣಾ, ಖಂಡಿತ ಇವೆ. ನಾನು ಮೇಲೆ ಹೇಳಿದ 60 ನಿಮಿಷದ ಮಾತು ಅಂಗವಿಕಲ ಮಕ್ಕಳಿಗೂ ಅನ್ವಯಿಸುತ್ತದೆ, ಅದೇ ಮಾರ್ಗಸೂಚಿಯಲ್ಲಿ ಬರೆದಿದೆ. ನಿಮ್ಮ ಫಿಸಿಯೋ ಅವರನ್ನು ಒಂದು ಮಾತು ಕೇಳಿ ಶುರು ಮಾಡಿ.

ಕೈ, ಭುಜ ಬಳಸುವ ಆಟಗಳಲ್ಲಿ ಅವನು ಎಲ್ಲರ ಸಮ ನಿಲ್ಲಬಹುದು. ಕೂತು ಆಡುವ ವಾಲಿಬಾಲ್ ಹೇಳುತ್ತೇನೆ. ಎಲ್ಲ ಮಕ್ಕಳೂ ನೆಲದ ಮೇಲೆ ಕೂರಬೇಕು, ನಡುವೆ ಸೊಂಟದೆತ್ತರಕ್ಕಿಂತ ಸ್ವಲ್ಪ ಮೇಲೆ ಹಗ್ಗ ಕಟ್ಟಬೇಕು. ಹೊಡೆಯುವಾಗ ಯಾರ ಕುಂಡಿಯೂ ನೆಲ ಬಿಡುವಂತಿಲ್ಲ. ಹಗುರ ಪ್ಲಾಸ್ಟಿಕ್ ಚೆಂಡು ಸಾಕು. ಪ್ಯಾರಾಲಿಂಪಿಕ್ಸ್‌ನಲ್ಲಿ ಇದಕ್ಕೆ ಪದಕವೇ ಇದೆ. ಒಮ್ಮೆ ಆಡಿಸಿ ನೋಡಿ. ಕಾಲು ಚೆನ್ನಾಗಿರುವ ಮಕ್ಕಳು ಕೈಯಿಂದ ಸರಿದಾಡಲು ಒದ್ದಾಡುತ್ತಾರೆ, ನಿಮ್ಮ ಮಗ ಅವರಿಗಿಂತ ಮೊದಲೇ ಚೆಂಡಿನ ಹತ್ತಿರ ಇರುತ್ತಾನೆ. ಆಟವನ್ನು ಅವನೇ ಎಲ್ಲರಿಗೂ ಹೇಳಿಕೊಡಲಿ.

ದಾವಣಗೆರೆ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಟ್ಯೂಷನ್ ಮೇಡಂ ಹತ್ತಿರ ಮಾತಾಡಿದ್ದೇನೆ, ಬೇರೆ ಮನೆಯವರನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. ನಮ್ಮ ಬೀದಿಯಲ್ಲಿ ಸದ್ಯಕ್ಕೆ ನಾಲ್ಕು ಮಕ್ಕಳು ಸಿಗುತ್ತಾರೆ, ಒಬ್ಬಳಿಗೆ ಆರು ವರ್ಷ, ಮಿಕ್ಕವರು ಎಂಟು ಒಂಬತ್ತು. ಪಕ್ಕದಲ್ಲಿ ಖಾಲಿ ಸೈಟ್ ಇದೆ, ಮಾಲೀಕರು ಆಡಿಕೊಳ್ಳಲಿ ಅಂದಿದ್ದಾರೆ. ಗಾಜು, ಮುಳ್ಳು ಆರಿಸಿ ತೆಗೆಯಬೇಕು. ಎರಡು ಪ್ರಶ್ನೆ. ಮಳೆ ದಿನ ಏನು ಮಾಡುವುದು? ನಾಲ್ಕೇ ಜನಕ್ಕೆ ಲಗೋರಿ ಆಡಲು ಬರುತ್ತದಾ? ಮಗ ಅದನ್ನೇ ಕೇಳುತ್ತಿದ್ದಾನೆ.

ಕುವೆಂಪುನಗರ ಗೃಹಿಣಿ

ಮಳೆ ದಿನಕ್ಕೆ ನಾವು ಹಗ್ಗ ಇಟ್ಟುಕೊಂಡಿದ್ದೇವೆ. ಮಗು ಹಗ್ಗದ ನಡುವೆ ನಿಂತು ಎರಡೂ ತುದಿ ಮೇಲಕ್ಕೆ ಎಳೆದರೆ ಕಂಕುಳಿನ ತನಕ ಬರಬೇಕು, ಆಗ ಅಳತೆ ಸರಿ. ಉದ್ದ ಜಾಸ್ತಿಯಾದರೆ ಕಾಲಿಗೆ ಸುತ್ತಿಕೊಂಡು ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. ಮಹಡಿ ಮೇಲೆ ಜಿಗಿದರೆ ಕೆಳಗಿನವರಿಗೆ ತೊಂದರೆ, ನಾವು ಪೋರ್ಟಿಕೋದಲ್ಲಿ ಜಿಗಿಸುತ್ತೇವೆ. ಕೋಲಾಟವೂ ಚೆನ್ನಾಗಿರುತ್ತದೆ. ಎರಡು ಹಾಡು ಹಾಕಿದರೆ ಸಾಕು, ಬೆವರು ಬಂದುಬಿಡುತ್ತದೆ.

ಪಿಟಿ ಮೇಷ್ಟ್ರು

ಅಮ್ಮಾ, ಲಗೋರಿಗೆ ನಾಲ್ಕು ಜನ ಸಾಕು, ಇಬ್ಬರಿಬ್ಬರ ಎರಡು ತಂಡ. ಏಳು ಚಪ್ಪಟೆ ಕಲ್ಲು ಒಂದರ ಮೇಲೊಂದು ಪೇರಿಸುವುದು ಪದ್ಧತಿ. ಆದರೆ ಇಬ್ಬರೇ ಮತ್ತೆ ಪೇರಿಸಬೇಕಾದ್ದರಿಂದ ಮೊದಲು ಐದು ಕಲ್ಲು ಇಡಿ. ಕಲ್ಲಿನ ಬದಲು ಮರದ ತುಂಡು ಸಿಕ್ಕರೆ ಒಳ್ಳೆಯದು, ಬಡಗಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಚೆಂಡು ಹಳೆಯ ಕಾಲುಚೀಲಕ್ಕೆ ಬಟ್ಟೆ ತುರುಕಿ ಹೊಲಿದದ್ದಾಗಲಿ. ರಬ್ಬರ್ ಚೆಂಡಿನ ಪೆಟ್ಟು ಆರು ವರ್ಷದ ಹುಡುಗಿಗೆ ಜೋರಾಗುತ್ತದೆ.

ಎಂಟು ಹೆಜ್ಜೆ ದೂರದಿಂದ ಎಸೆಯಲಿ, ಒಬ್ಬರಿಗೆ ಮೂರು ಎಸೆತ. ಸಣ್ಣವಳು ಐದು ಹೆಜ್ಜೆಯಿಂದ ಎಸೆಯಬಹುದು. ಲಗೋರಿ ಬಿದ್ದ ಮೇಲೆ ಎದುರು ತಂಡದವರು ಚೆಂಡು ಹಿಡಿದುಕೊಂಡು ಓಡುವಂತಿಲ್ಲ, ನಿಂತಲ್ಲಿಂದ ಒಬ್ಬರಿಗೊಬ್ಬರು ಎಸೆದುಕೊಂಡು ಹತ್ತಿರ ಬರಬೇಕು. ಹೊಡೆಯುವುದು ಮೊಣಕಾಲಿನ ಕೆಳಗೆ ಮಾತ್ರ. ಮೇಲೆ ತಗುಲಿದರೆ ಹೊಡೆದವರದೇ ತಪ್ಪು, ಪೇರಿಸುವವರ ಆಟ ಮುಂದುವರಿಯುತ್ತದೆ. ಸೈಟಿನ ರಸ್ತೆ ಕಡೆಯ ಅಂಚಿಗೆ ಒಂದು ಗೆರೆ ಎಳೆದುಬಿಡಿ. ಚೆಂಡು ಆ ಗೆರೆ ದಾಟಿದರೆ ಆಟ ನಿಲ್ಲಬೇಕು, ಪಾಳಿಯಲ್ಲಿ ಕೂತ ದೊಡ್ಡವರೇ ಹೋಗಿ ತರಬೇಕು.